ಎಲ್ಲಾ ಡಬ್ಬಿ ಒಮ್ಮೆಲೇ ಎದ್ದಾಗ

ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ ಆಮ್ರಪಾಲಿ ದಿನವೂ ಬಾಗಿಲ ಬಳಿಯ ಸೀಟನ್ನೇ ಹಿಡಿಯುತ್ತಿದ್ದಳು. ಅಲ್ಲಿ ಕೂತರೆ ಎಲ್ಲರಿಗಿಂತ ಮೊದಲು ಇಳಿಯಬಹುದು. ನಿಲ್ದಾಣದ ಹಿಂದಿನ ಓಣಿಯಲ್ಲಿ ಅರ್ಧ ಓಡಿ ಅರ್ಧ ನಡೆದು, ಹೊಲಗಳಿಗೆ ತ್ರೀ ಫೇಸ್ ಕರೆಂಟ್ ಬಿಡುವುದರೊಳಗೆ ಆಫೀಸಿನ ಬೀಗ ತೆಗೆಯಬಹುದು. ಹೀಗೆ ಒಂದು ತಿಂಗಳಿಂದ ನಡೆದಿತ್ತು. ಯಾಕೆ ಇಷ್ಟು ಗಡಿಬಿಡಿ ಎಂದು ತಾಯಿ ಕಾಶೆವ್ವ ಕೇಳಿದರೆ, "ಕೆಲಸ ಭಾಳ ಐತಿ ಯವ್ವಾ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟುತ್ತಿದ್ದಳು.

ಆಫೀಸೆಂದರೆ ಗುರುಲಿಂಗಪ್ಪ ಸರ್ ಅವರ ಮನೆಯ ಮಾಳಿಗೆ. ಕೆಳಗೆ ಸರ್ ಮತ್ತು ಅವರ ಹೆಂಡತಿ ದಾಕ್ಷಾಯಿಣಿ ಕಾಕು ಇರುತ್ತಿದ್ದರು. ಮೇಲೆ ಎರಡು ಕಂಪ್ಯೂಟರು, ಬೆಸುಗೆ ಹಾಕುವ ಒಂದು ಮೇಜು, ಗೋಡೆಗೆ ಒರಗಿಸಿಟ್ಟ ಬಿಳಿ ಡಬ್ಬಿಗಳ ಸಾಲು. ಈ ಡಬ್ಬಿಗಳಿಗೆ ಸರ್ ಚೆಂದದ ಹೆಸರೊಂದನ್ನು ಇಟ್ಟಿದ್ದರು. ಆದರೆ ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ರೈತರು "ಗುರುಲಿಂಗಪ್ಪ ಸರ್ ಡಬ್ಬಿ" ಎಂದರು, ಅದೇ ಉಳಿಯಿತು. ಹೊಲದ ಮೋಟರಿನ ಸ್ಟಾರ್ಟರಿಗೆ ಡಬ್ಬಿ ಕೂಡಿಸಿ ಒಳಗೊಂದು ಸಿಮ್ ಹಾಕಿದರೆ ಮುಗಿಯಿತು. ರೈತ ಮನೆಯಲ್ಲೇ ಕೂತು ಒಂದು ನಂಬರಿಗೆ ಮಿಸ್ ಕಾಲ್ ಕೊಡುತ್ತಾನೆ. ಅದು ದೂರದ ಪಟ್ಟಣದಲ್ಲಿ ಬಾಡಿಗೆಗೆ ಹಿಡಿದ ಸರ್ವರಿಗೆ ಮುಟ್ಟುತ್ತದೆ. ಸರ್ವರು ಅವನ ಡಬ್ಬಿಗೆ ಹೇಳುತ್ತದೆ. ಮೋಟರು ಎದ್ದು ನೀರು ಎತ್ತುತ್ತದೆ. ಕತ್ತಲೆಯಲ್ಲಿ ಹಾವು ಹುಳಕ್ಕೆ ಹೆದರಿಕೊಂಡು ಬಾವಿಯ ತನಕ ಹೋಗುವ ಪಜೀತಿ ಇಲ್ಲ.

ಡಬ್ಬಿಗೆ ಬ್ಯಾಟರಿ ಇರಲಿಲ್ಲ. ಕರೆಂಟ್ ಹೋದರೆ ಅದೂ ಮಲಗುತ್ತಿತ್ತು, ಬಂದರೆ ಎದ್ದು ಮೊದಲು ಸರ್ವರನ್ನು ಕರೆಯುತ್ತಿತ್ತು. ಊರಿಗೊಂದು ಡಬ್ಬಿ ಇದ್ದ ಕಾಲದಲ್ಲಿ ಇದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ಬೆಲ್ಲದ ಬಾಗೇವಾಡಿಯ ರೈತರ ಸಂಘವೊಂದು ತನ್ನ ಎಲ್ಲ ಸದಸ್ಯರಿಗೂ ಒಮ್ಮೆಲೇ ಡಬ್ಬಿ ಹಾಕಿಸಿತು. ಅವರನ್ನು ನೋಡಿ ಸಂಕೇಶ್ವರದ ಕಡೆಯವರು, ಆಮೇಲೆ ಮೂಡಲಗಿಯ ಅರಿಶಿಣ ಬೆಳೆಯುವವರು. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಸಾವಿರಾರು ಡಬ್ಬಿಗಳು. ಅದರ ಮೇಲೆ ಆ ವರ್ಷ ಬಹಳಷ್ಟು ಊರುಗಳ ಕರೆಂಟ್ ಪಾಳಿ ಬೆಳಗಿನ ಒಂದೇ ಹೊತ್ತಿಗೆ ಬಂದುಬಿಟ್ಟಿತು. ಕರೆಂಟ್ ಬಂದ ಕ್ಷಣಕ್ಕೆ ಎಲ್ಲಾ ಡಬ್ಬಿಗಳೂ ಒಮ್ಮೆಲೇ ಕಣ್ಣು ಬಿಟ್ಟು ಒಮ್ಮೆಲೇ ಬಾಗಿಲು ಬಡಿಯುತ್ತಿದ್ದವು. ಸರ್ವರು ಉಸಿರುಗಟ್ಟಿ ಬೀಳುತ್ತಿತ್ತು.

ಆ ಸರ್ವರಿನ ಪ್ರೋಗ್ರಾಮನ್ನು ಬರೆದವರು ಸ್ವತಃ ಗುರುಲಿಂಗಪ್ಪ ಸರ್. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಲೆ, ಮೊಮ್ಮಕ್ಕಳ ವಯಸ್ಸಿನವರು ಕಲಿಯುವ ಪುಸ್ತಕ ತರಿಸಿಕೊಂಡು ಕಲಿತು ಬರೆದಿದ್ದರು. ಅದರ ನಡೆ ಸರಳವಾಗಿತ್ತು. ಒಂದು ಡಬ್ಬಿ ಕರೆದರೆ ಸರ್ವರಿನೊಳಗೆ ಅದಕ್ಕೆಂದೇ ಒಂದು ಥ್ರೆಡ್, ಅಂದರೆ ಅದರ ಕೆಲಸಕ್ಕೆಂದೇ ಮೀಸಲಾದ ಒಬ್ಬ ಆಳು. ಆ ಆಳು ಆ ಡಬ್ಬಿಯ ಮಾತಿಗೆ ಕಿವಿ ಕೊಟ್ಟು ಕೂರುತ್ತಾನೆ, ಬೇರೆ ಯಾರ ಗೊಡವೆಗೂ ಹೋಗುವುದಿಲ್ಲ. "ನಮ್ಮ ರೈತ ಯಾವ ಆಫೀಸಿಗೆ ಹೋದ್ರೂ ಪಾಳಿ ಹಚ್ಚತಾನ. ನಮ್ಮ ಕಡೆ ಹಚ್ಚಬಾರದು" ಎಂದು ಸರ್ ಹೇಳುತ್ತಿದ್ದರು. ಪ್ರೋಗ್ರಾಮಿನೊಳಗಿನ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದಿದ್ದರು. ಕನೆಕ್ಷನ್ ಬಂದರೆ ನಡೆಯುವ ಭಾಗಕ್ಕೆ 'ರೈತ ಬಂದ', ಕಡಿದರೆ ನಡೆಯುವ ಭಾಗಕ್ಕೆ 'ರೈತ ಹೋದ'.

ಆಮ್ರಪಾಲಿ ಡಿಪ್ಲೊಮಾ ಮುಗಿಸಿ ಕೆಲಸ ಕೇಳಲು ಬಂದಾಗ ಸರ್ ಅವಳಿಗೆ ಪರೀಕ್ಷೆ ಮಾಡಿರಲಿಲ್ಲ. ಈ ಪ್ರೋಗ್ರಾಮನ್ನು ಎದುರಿಗಿಟ್ಟು, "ಓದು. ತಿಳೀಲಿಲ್ಲಂದ್ರ ತಪ್ಪು ನನ್ನದು, ಕೇಳು" ಎಂದಿದ್ದರು. ಅವಳು ಆ ಪ್ರೋಗ್ರಾಮನ್ನು ಓದಿ ಓದಿಯೇ ಕೆಲಸ ಕಲಿತಳು. ಎಲ್ಲಿ ಯಾವ ಸಾಲಿದೆ ಎಂಬುದು ಅವಳಿಗೆ ತನ್ನ ಮನೆಯ ಅಡುಗೆ ಡಬ್ಬಗಳ ಹಾಗೆ ಗೊತ್ತಿತ್ತು.

ಆದ್ದರಿಂದಲೇ ಅದು ಏಕೆ ಸಾಯುತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಸಾವಿರಾರು ಥ್ರೆಡ್‌ಗಳು ಹುಟ್ಟುತ್ತವೆ. ಒಂದೊಂದಕ್ಕೂ ಕೂರಲು ಜಾಗ ಬೇಕು, ಅಷ್ಟು ಮೆಮೊರಿ ಎಲ್ಲಿಂದ ಬರಬೇಕು? ಎಲ್ಲರಿಗೂ ಸರದಿಯ ಮೇಲೆ ಹೊತ್ತು ಹಂಚುವುದರಲ್ಲೇ ಯಂತ್ರ ದಣಿಯುತ್ತದೆ. ಹಾಗೆಂದು ಆ ಆಳುಗಳು ಮಾಡುವುದಾದರೂ ಏನು? ಡಬ್ಬಿ ದಿನಕ್ಕೆ ಎರಡು ಮಾತು ಆಡಿದರೆ ಹೆಚ್ಚು. ಉಳಿದ ಹೊತ್ತೆಲ್ಲ ಸುಮ್ಮನೆ ಕೂತಿರುವುದೇ ಕೆಲಸ.

ಇದನ್ನು ಸರ್ ಅವರಿಗೆ ಹೇಳಬೇಕಿತ್ತು. ಆದರೆ ಅದೇ ಹೊತ್ತಿಗೆ ಅವರು ಎರಡೂ ಕಣ್ಣಿನ ಪೊರೆ ಒಂದಾದ ಮೇಲೊಂದರಂತೆ ತೆಗೆಸಿಕೊಂಡು, ಕರಿ ಚಸ್ಮಾ ಹಾಕಿಕೊಂಡು ಮನೆಯಲ್ಲಿ ಕೂತಿದ್ದರು. ಕಂಪ್ಯೂಟರ್ ನೋಡಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ದಿನಾ ಸಂಜೆ ಆಮ್ರಪಾಲಿ ಮನೆಗೆ ಹೊರಡುವಾಗ ಕೆಳಗೆ ಸರ್ ಕೇಳುತ್ತಿದ್ದರು:

"ಹೆಂಗೈತಿ ನಮ್ಮ ಸರ್ವರು?"

"ಆರಾಮ ಐತ್ರಿ ಸರ್."

ಮೊದಲ ಸಲ ಹಾಗೆ ಹೇಳಿದಾಗ, ನಾಳೆ ಸರಿಮಾಡಿದರಾಯಿತು ಎಂದುಕೊಂಡಿದ್ದಳು. ಆಮೇಲೆ ಅದೇ ರೂಢಿಯಾಯಿತು. ಬೆಳಗ್ಗೆ ಕರೆಂಟಿಗಿಂತ ಮೊದಲು ಬಂದು, ಸರ್ವರನ್ನು ಹೊಸದಾಗಿ ಶುರುಮಾಡಿ, ಅದರ ಬಾಗಿಲನ್ನು ಅರ್ಧ ತೆರೆದು ಹಿಡಿದು ಒಂದು ಕಡೆಯ ಊರುಗಳನ್ನು ಮೊದಲು, ಇನ್ನೊಂದು ಕಡೆಯವನ್ನು ಆಮೇಲೆ ಎಂದು ತಾನೇ ಕೈಯಿಂದ ಒಳಗೆ ಬಿಡುತ್ತಿದ್ದಳು. ಸರ್ವರನ್ನು ಮುಟ್ಟುವ ದಾರಿಯನ್ನು ಸರ್ ಆಫೀಸಿನ ಕಂಪ್ಯೂಟರಿಗೆ ಮಾತ್ರ ಬಿಟ್ಟಿದ್ದರಿಂದ ಇದನ್ನು ಮನೆಯಿಂದ ಮಾಡುವ ಹಾಗಿರಲಿಲ್ಲ. ಹೀಗೆ ಮಾಡಿದರೆ ಒಮ್ಮೊಮ್ಮೆ ಉಳಿಯುತ್ತಿತ್ತು, ಒಮ್ಮೊಮ್ಮೆ ಬೀಳುತ್ತಿತ್ತು. ಬಿದ್ದ ದಿನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ಅಂಥ ಒಂದು ಬೆಳಗ್ಗೆ ಅವಳ ಮೊಬೈಲು ಎಷ್ಟೋ ಹೊತ್ತು ಎಂಗೇಜ್ ಇತ್ತು. ಆಗ ಕೆಳಗೆ ಮನೆಯ ಫೋನು ಸದ್ದು ಮಾಡಿತು. ಡಬ್ಬಿಯ ಮೇಲೆ ಆ ನಂಬರೂ ಇದ್ದುದು ಅವಳಿಗೆ ಮರೆತೇಹೋಗಿತ್ತು. ಮೆಟ್ಟಿಲ ತುದಿಗೆ ಬಂದು ನಿಂತಾಗ ಸರ್ ಮಾತಾಡುತ್ತಿದ್ದರು.

"ಹಾಂ, ಲಕ್ಕವ್ವಾರ, ಕಣ್ಣು ಆರಾಮ ಅದಾವ ನೋಡ್ರಿ... ಏನು? ಏಳವಲ್ದಾ? ಇವತ್ತs ಏನು?... ದಿನಾ?" ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. "ಒಂದು ತಿಂಗಳಾತು?"

ಆಮ್ರಪಾಲಿ ಮೆಟ್ಟಿಲ ಮೇಲೆ ಹಾಗೇ ಕೂತಳು.

ಘೋಡಗೇರಿಯ ಲಕ್ಕವ್ವ ಅವರ ಮೊದಮೊದಲ ಗಿರಾಕಿಗಳಲ್ಲಿ ಒಬ್ಬಳು. ಕಬ್ಬು, ಗೋವಿನಜೋಳ ತಾನೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಆದರೆ ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಡಬ್ಬಿ ಏಳದ ದಿನ ಹಳ್ಳ ಇಳಿದು ಹತ್ತಿ ಬಾವಿಯ ತನಕ ಹೋಗಬೇಕಿತ್ತು.

ಸರ್ ಕೋಣೆಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದರು.

"ಎಲ್ಲಿಗ್ರಿ?" ಎಂದರು ಕಾಕು, ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಘೋಡಗೇರಿಗೆ."

"ಡಾಕ್ಟರ್ ಧೂಳಿಗೆ ಹೋಗಬ್ಯಾಡ ಅಂದಾರ!"

"ಧೂಳು ಕಣ್ಣಾಗ ಹೋಗದಂಗ ಚಸ್ಮಾ ಐತಿ. ಆಮ್ರಪಾಲಿ, ಬರ್ತೀ ಏನು?"

ಕೇಳಿದ್ದು ಪ್ರಶ್ನೆಯ ಹಾಗಿತ್ತು, ಆದರೆ ಪ್ರಶ್ನೆಯಾಗಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಹಿಂದೆ ನಡೆದಳು. ಘಟಪ್ರಭಾದಲ್ಲಿ ಬಸ್ ಬದಲಿಸುವಾಗ ಸರ್ ಅವಳ ತೋಳು ಹಿಡಿದು ಮೆಟ್ಟಿಲು ಇಳಿದರು.

ಲಕ್ಕವ್ವ ಅವರನ್ನು ನೇರವಾಗಿ ಬಾವಿಯ ಬಳಿಗೇ ಕರೆದುಕೊಂಡು ಹೋದಳು. ಸ್ಟಾರ್ಟರಿನ ತಗಡಿನ ಗೂಡಿನಲ್ಲಿ ಬಿಳಿ ಡಬ್ಬಿಯ ಸಣ್ಣ ಕೆಂಪು ದೀಪ ಮಿಣುಕುತ್ತಿತ್ತು. ಸರ್ ಚಸ್ಮಾ ಸ್ವಲ್ಪ ಎತ್ತಿ, ಕೈ ಅಡ್ಡ ಹಿಡಿದು ನೋಡಿದರು. ವೈರು ಜಗ್ಗಿ ನೋಡಿದರು. ಆಮೇಲೆ ಡಬ್ಬಿಯ ಮೇಲೆ ಕೈಯಿಟ್ಟು ಹೇಳಿದರು:

"ಡಬ್ಬಿ ಗಟ್ಟಿಮುಟ್ಟ ಐತಿ. ಇದು ಕರಿಯಾಕತ್ತೈತಿ. ಅಲ್ಲಿ ಯಾರೂ ಓ ಅನ್ನವಲ್ರು."

ಆಮ್ರಪಾಲಿ ಒಂದು ಹೆಜ್ಜೆ ಮುಂದೆ ಬಂದಳು. "ಸರ್, ಡಬ್ಬಿ ಭಾಳ ಆಗ್ಯಾವ್ರಿ. ಒಂದೊಂದಕ್ಕೂ ಒಂದೊಂದು ಥ್ರೆಡ್ ಅಂದ್ರ ಆಗವಲ್ದ್ರಿ. ಕರೆಂಟ್ ಬಂದ ಕೂಡಲೇ ಎಲ್ಲಾ ಒಮ್ಮೆಲೇ..."

"ನನ್ನ ಪ್ರೋಗ್ರಾಮ್ ಸಾಲವಲ್ದು ಅಂತ ಬಾಯಿಬಿಟ್ಟು ಹೇಳಬೇಕಿತ್ತಲ್ಲ?"

"ಹೆಂಗ ಹೇಳಲಿರಿ ಸರ್? ಅದನ್ನ ಓದೇ ನಾ ಕಲ್ತೇನ್ರಿ."

ಸರ್ ಚಸ್ಮಾ ಸರಿಮಾಡಿಕೊಂಡರು. ದನಿ ಏರಿಸಲಿಲ್ಲ. "ಪ್ರೋಗ್ರಾಮ್ ಹಳೇದಾಗ್ತೈತಿ. ನಾನೂ ಆಗೇನಿ. ಅದಕ್ಕ ನನಗೇನೂ ಅನ್ನಿಸೂದಿಲ್ಲ. ಆದ್ರ ಈ ತಾಯಿ ಇಂಥಾ ಕಾಲು ಇಟ್ಕೊಂಡು ದಿನಾ ಹಳ್ಳ ದಾಟ್ಯಾಳ. ನನ್ನ ಮನಸ್ಸು ನೋಯಬಾರದು ಅಂತ ನೀ ಆಕಿ ಕಾಲು ನೋಯಿಸೀದಿ. ಅದಕ್ಕ ನನಗ ಕೆಟ್ಟ ಅನ್ನಿಸ್ತೈತಿ."

ಅವಳ ಕಣ್ಣಲ್ಲಿ ನೀರು ಬಂತು. ಲಕ್ಕವ್ವನಿಗೆ ಥ್ರೆಡ್ಡೂ ತಿಳಿಯಲಿಲ್ಲ, ಪ್ರೋಗ್ರಾಮೂ ತಿಳಿಯಲಿಲ್ಲ. ಹುಡುಗಿ ಅಳುವುದು ಮಾತ್ರ ಕಂಡಿತು.

"ಏನು ಮಾಸ್ತರ್ರಿ ನೀವು! ನನ್ನ ಹೊಲ್ದಾಗ ನಿಂತು ನನ್ನ ಮಗಳನ್ನ ಅಳಸ್ತೀರಿ? ಕಾಲು ನಂದು, ನಾ ಏನರ ಅಂದೇನೇನು? ಆಕಿ ದಿನಾ ಫೋನ್ ಎತ್ತತಾಳ, ಯವ್ವಾ ತಪ್ಪಾತು ಅಂತಾಳ, ಊಟ ಆತೇನು ಅಂತ ಕೇಳ್ತಾಳ. ನನ್ನ ಹೊಟ್ಟ್ಯಾಗ ಹುಟ್ಟಿದಾವ್ರು ಕೇಳೂದಿಲ್ಲ ಹಂಗ. ನಡೀರಿ ಮನಿಗೆ, ರೊಟ್ಟಿ ತಿನ್ನೂಣು. ಹಸದ್ರ ಎಲ್ಲಾರಿಗೂ ಸಿಟ್ಟು ಬರ್ತೈತಿ."

ಬಿಸಿ ರೊಟ್ಟಿ, ಝುಣಕ, ಗಟ್ಟಿ ಮೊಸರು. ಸರ್ ಎರಡನೆಯ ರೊಟ್ಟಿಗೆ ಬರುವ ಹೊತ್ತಿಗೆ ಅವರ ಹಣೆಯ ಗೆರೆ ಸಡಿಲವಾಗಿದ್ದನ್ನು ಆಮ್ರಪಾಲಿ ಕಂಡಳು. ಮರಳಿ ಬರುವಾಗ ಕಿಟಕಿ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟರು. ಬಸ್ಸು ಗೋಕಾಕ ಸಮೀಪಿಸಿದಾಗ ಕೇಳಿದರು:

"ಹೊಸಾದು ಹೆಂಗ ಬರೀಬೇಕು ಅಂತ ಯೋಚನಿ ಮಾಡೀದಿ ಏನು?"

"ಮಾಡೇನ್ರಿ."

"ಹೇಳು ಮತ್ತ."

ಅವಳು ಅಂಜುತ್ತಲೇ ಶುರುಮಾಡಿದಳು. "ಯಾವ ಡಬ್ಬಿ ಮಾತಾಡಾಕತ್ತೈತಿ ಅಂತ ಕಾಯಾಕ ಆಳು ಇಡೂದs ಬ್ಯಾಡ್ರಿ. ಲಿನಕ್ಸಿನ್ಯಾಗ ಇಪೋಲ್ ಅಂತ ಐತ್ರಿ. ಎಲ್ಲಾ ಕನೆಕ್ಷನ್ ಅದರ ಕೈಗೆ ಒಪ್ಪಿಸಿಬಿಡೂದು. ನಾವು ಕೇಳಿದಾಗ ಅದು, ಈಗ ಈ ಇಷ್ಟು ಮಂದಿ ಮಾತಾಡ್ಯಾರ ಅಂತ ಅವರ ಹೆಸರಷ್ಟ ಕೊಡ್ತೈತಿ. ಸುಮ್ಮ ಕುಂತಾವ್ರ ಗೊಡವಿ ಇಲ್ಲ. ಒಂದs ಥ್ರೆಡ್ ಸುತ್ತಾಕೋತ ಎಲ್ಲಾರ್ನೂ ವಿಚಾರಿಸ್ಕೋತೈತ್ರಿ."

"ಇಷ್ಟು ಸಾವಿರ ಮಂದಿಗೆ ಒಬ್ಬನs? ಅವ ಭಾಳ ಚುರುಕಿರಬೇಕಲ್ಲ."

"ಚುರುಕಂತಲ್ರಿ ಸರ್. ಅವ ಎಲ್ಲೂ ನಿಲ್ಲಬಾರದು, ಅಷ್ಟ."

ಇಳಿಯುವಾಗ ಸರ್, "ನಾಳಿಂದ ಬರಿ. ಅಲ್ಲೀತನಕ ಫೋನ್ ನಾ ಎತ್ತತೇನಿ" ಎಂದರು.

ಮಾತಿಗೆ ತಕ್ಕಂತೆ ಮರುದಿನದಿಂದ ಸರ್ ಕರಿ ಚಸ್ಮಾ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕೂತು ಫೋನು ಎತ್ತತೊಡಗಿದರು. "ತಪ್ಪು ನಮ್ಮ ಕಡಿಂದ ಆಗೇತ್ರಿ, ಹೊಸಾದು ತಯಾರಾಗಾಕತ್ತೈತಿ" ಎಂದು ಒಬ್ಬೊಬ್ಬರಿಗೂ ಸಮಾಧಾನದಿಂದ ಹೇಳುತ್ತಿದ್ದರು. ಆಮ್ರಪಾಲಿ ಮೇಲೆ ಕೂತು ಬರೆದಳು. ಹೆಸರುಗಳನ್ನು ಬದಲಿಸಲು ಮನಸ್ಸಾಗಲಿಲ್ಲ. ರೈತ ಹೊಸ ಪ್ರೋಗ್ರಾಮಿನಲ್ಲೂ ಬಂದ, ಹೊಸ ಪ್ರೋಗ್ರಾಮಿನಲ್ಲೂ ಹೋದ. ಹಳೆಯದರಲ್ಲಿ ಚೆನ್ನಾಗಿದ್ದ ಕೆಲವು ಭಾಗಗಳನ್ನು ಇದ್ದ ಹಾಗೇ ಎತ್ತಿ ಕೂಡಿಸಿದಳು. ಡಬ್ಬಿಗಳು ಮುರುಕು ಮುರುಕಾಗಿ ಕಳಿಸುವ ಮಾತನ್ನು ಪೂರ್ತಿಯಾಗುವ ತನಕ ಜೋಡಿಸಿಟ್ಟುಕೊಳ್ಳುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು.

ಮೊದಲಿಗೆ ಹುಕ್ಕೇರಿ ಕಡೆಯ ಡಬ್ಬಿಗಳನ್ನು ಮಾತ್ರ ಹೊಸ ಸರ್ವರಿಗೆ ತಿರುಗಿಸಿದಳು. ಕರೆಂಟ್ ಬಂತು. ಡಬ್ಬಿಗಳು ಎದ್ದವು, ಒಂದರ ಹಿಂದೊಂದು ಒಳಗೆ ಬಂದವು. ಮೆಮೊರಿ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು! ಅವಳು ಮೆಟ್ಟಿಲು ಇಳಿದು ಓಡಿ ಹೋಗಿ ಸರ್ ಅವರಿಗೆ ಹೇಳಬೇಕೆಂದು ಎದ್ದು ನಿಂತಳು. ಅಷ್ಟರಲ್ಲಿ ಪರದೆಯ ಮೇಲಿನ ಎಣಿಕೆ ನಿಂತುಬಿಟ್ಟಿತು. ತುಸು ಹೊತ್ತಿಗೆ ಮತ್ತೆ ಓಡಿತು. ಮತ್ತೆ ನಿಂತಿತು. ರೈತರು ಮೋಟರು ಹಚ್ಚಲು ಶುರುಮಾಡಿದ ಮೇಲಂತೂ ನಿಲ್ಲುವುದೇ ಹೆಚ್ಚಾಯಿತು. ಸರ್ವರು ಸಾಯುತ್ತಿರಲಿಲ್ಲ, ಆದರೆ ಬದುಕಿದ ಹಾಗೂ ಇರಲಿಲ್ಲ.

ಮಧ್ಯಾಹ್ನದ ತನಕ ಹುಡುಕಿದಳು. ತಾನೇ ಬರೆದದ್ದು, ಎಲ್ಲ ಸರಿಯಾಗಿಯೇ ಕಂಡಿತು. ಊಟಕ್ಕೂ ಬಾರದ್ದನ್ನು ನೋಡಿ ಕಾಕು ಕೆಳಗಿನಿಂದಲೇ ಕೂಗಿದರು. ಅವಳು ಬಂದು ಸಪ್ಪೆ ಮುಖ ಮಾಡಿ ಕೂತಳು.

"ಎಲ್ಲಿ ತಪ್ಪೇತಿ ಅಂತ ಕಾಣವಲ್ದ್ರಿ ಸರ್."

"ನನಗೂ ಕಾಣಂಗಿಲ್ಲ" ಎಂದು ಸರ್ ಚಸ್ಮಾ ತಟ್ಟಿ ತೋರಿಸಿ ನಕ್ಕರು. "ಓದಿ ಹೇಳು, ಕೇಳ್ತೇನಿ."

"ಪ್ರೋಗ್ರಾಮ್ ಓದಿ ಹೇಳೂದೇನ್ರಿ?"

"ಯಾಕ? ಪುರಾಣ ಓದಿದ್ರ ಕೇಳೂದಿಲ್ಲೇನು?"

ಹೀಗೆ ಊಟವಾದ ಮೇಲೆ ಪಡಸಾಲೆಯಲ್ಲಿ ಪ್ರೋಗ್ರಾಮಿನ ಪಾರಾಯಣ ಶುರುವಾಯಿತು. ಸರ್ ಕುರ್ಚಿಯಲ್ಲಿ ತಲೆಯೊರಗಿಸಿ ಕೂತರು, ಕಾಕು ಹತ್ತಿರವೇ ಹಸಿ ಅವರೆ ಸುಲಿಯುತ್ತ ಕೂತರು. ಆಮ್ರಪಾಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದುತ್ತ, ಪ್ರತಿ ಸಾಲು ಏನು ಮಾಡುತ್ತದೆಂದು ಹೇಳುತ್ತ ಹೋದಳು. 'ರೈತ ಬಂದ' ಎಂಬ ಹೆಸರು ಕಿವಿಗೆ ಬಿದ್ದಾಗ ಸರ್ ಕಣ್ಣು ಮುಚ್ಚಿದ್ದಂತೆಯೇ ನಕ್ಕರು.

"ಇನ್ನೂ ಇಟ್ಟೀ ಏನು ಅದನ್ನ?"

"ಹ್ಞೂಂ ರಿ."

"ಆಗಿಂದ ರೈತ ಬಂದ, ರೈತ ಬಂದ ಅಂತೀರಿ" ಎಂದರು ಕಾಕು. "ಬಂದಾವ್ಗ ಚಹಾ ಯಾರು ಕೊಡಾವ್ರು?"

ಮೂವರೂ ನಕ್ಕರು. ಓದು ಮುಂದುವರಿಯಿತು. ಡಬ್ಬಿ ಮಾತಾಡಿತು, ಮಾತು ಪೂರ್ತಿಯಾಯಿತು, ಮೋಟರು ಎದ್ದಿತು ಎಂಬ ಸುದ್ದಿ ಬಂತು, ರೈತನಿಗೆ ಮೆಸೇಜು ಕಳಿಸು, ಮೆಸೇಜು ಕಳಿಸುವ ಕಂಪನಿಯಿಂದ ಮುಟ್ಟಿತು ಎಂಬ ಉತ್ತರ ಪಡೆ, ಮುಂದಿನ ಡಬ್ಬಿಗೆ ಹೋಗು...

"ನಿಲ್ಲು" ಎಂದರು ಸರ್. "ಮತ್ತೊಮ್ಮೆ ಓದು."

ಓದಿದಳು.

"ಆ ಉತ್ತರ ಬರಾಕ ಎಷ್ಟು ಹೊತ್ತು ಹಿಡೀತೈತಿ?"

"ಒಮ್ಮೊಮ್ಮೆ ಲಗೂನ ಬರ್ತೈತ್ರಿ. ಒಮ್ಮೊಮ್ಮೆ..." ಅವಳ ಮಾತು ಅಲ್ಲೇ ನಿಂತಿತು.

"ಒಮ್ಮೊಮ್ಮೆ ತಡಾ ಆಗ್ತೈತಿ. ಅಲ್ಲೀತನಕ ನಿನ್ನ ಆಳು ಎಲ್ಲಿರ್ತಾನ?"

ಆಮ್ರಪಾಲಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಬ್ಬನೇ ಒಬ್ಬ ಆಳು ಒಂದು ಮೆಸೇಜಿನ ಉತ್ತರಕ್ಕೆ ಕಾಯುತ್ತ ನಿಂತರೆ ಉಳಿದ ಸಾವಿರಾರು ಡಬ್ಬಿಗಳೂ ಅವನೊಂದಿಗೆ ನಿಲ್ಲುತ್ತವೆ. ಎಲ್ಲೂ ನಿಲ್ಲಬಾರದೆಂದು ಬಸ್ಸಿನಲ್ಲಿ ತಾನೇ ಹೇಳಿದ್ದಳು. ಆ ಸಾಲುಗಳನ್ನು ಎಲ್ಲಿಂದ ತಂದಿದ್ದೆ ಎಂದು ನೋಡಿದರೆ, ಹಳೆಯ ಪ್ರೋಗ್ರಾಮಿನಿಂದ ಪ್ರೀತಿಯಿಂದ ಇದ್ದ ಹಾಗೇ ಎತ್ತಿ ತಂದವು.

"ಅದು ನಂದs ಅಲ್ಲ?" ಎಂದರು ಸರ್. "ನಂದರಾಗ ಅದು ನಡೀತಿತ್ತು. ಅಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ಇದ್ದ, ಒಬ್ಬ ನಿಂತ್ರ ಇನ್ನೊಬ್ಬಗ ತ್ರಾಸ ಇರಲಿಲ್ಲ. ಇಲ್ಲಿ ಅದು ನಡ್ಯಾಂಗಿಲ್ಲ, ಯವ್ವಾ. ಮುಲಾಜು ಇಟ್ಕೋಬ್ಯಾಡ, ಕಿತ್ತು ಒಗಿ."

ಅವಳು ಕಿತ್ತಳು. ಮೆಸೇಜು ಕಳಿಸುವ ಕೆಲಸವನ್ನೇ ಬೇರೆ ಮಾಡಿ, ಒಂದು ಸರದಿಯ ಸಾಲಿನಲ್ಲಿ ಇಟ್ಟು, ಆ ಸಾಲನ್ನು ನೋಡಿಕೊಳ್ಳಲು ನಾಲ್ಕಾರು ಥ್ರೆಡ್‌ಗಳನ್ನು ಬಿಟ್ಟಳು. ಅವು ಬೇಕಾದಷ್ಟು ಹೊತ್ತು ಕಾಯಲಿ. ಸುತ್ತುವ ಆಳು ಮಾತ್ರ ಸುತ್ತುತ್ತಲೇ ಇರುತ್ತಾನೆ. ಇದನ್ನು ಓದಿ ಹೇಳಿದಾಗ ಸರ್ ಮೀಸೆಯೊಳಗೇ ನಕ್ಕು, "ಅಂದ್ರ ನನ್ನ ಥ್ರೆಡ್‌ಗೋಳು ಪೂರಾ ನೌಕರಿ ಕಳಕೊಂಡಿಲ್ಲ" ಎಂದರು.

ಅದರ ಜೊತೆಗೆ ಇನ್ನೊಂದು ಸಣ್ಣ ಬದಲಾವಣೆಯನ್ನು ಡಬ್ಬಿಗಳ ಒಳಗೇ ಮಾಡಿ, ಸರ್ವರಿನಿಂದಲೇ ಅವುಗಳಿಗೆ ಕಳಿಸಿಕೊಟ್ಟರು. ಕರೆಂಟ್ ಬಂದ ಕೂಡಲೇ ಕರೆಯದೆ, ಪ್ರತಿ ಡಬ್ಬಿಯೂ ಮನಸ್ಸಿಗೆ ಬಂದಷ್ಟು ತುಸು ಹೊತ್ತು ಕಾದು ಆಮೇಲೆ ಕರೆಯಬೇಕು. ಒಂದು ಬೇಗ, ಒಂದು ತಡ. ಬಾಗಿಲಲ್ಲಿ ನೂಕುನುಗ್ಗಲು ಇರುವುದಿಲ್ಲ. ಇದು ಹೊಳೆದದ್ದು ಆಮ್ರಪಾಲಿಗೆ. ಇದನ್ನು ಕೇಳಿ ಸರ್ ಆರಾಮ ಕುರ್ಚಿಯಿಂದ ಎದ್ದೇ ಕೂತರು. "ಇದು ನನಗ ಯಾಕ ಹೊಳೀಲಿಲ್ಲ?" ಎಂದು ಸಂಜೆಯ ತನಕ ಎರಡು ಮೂರು ಸಲ ಅಂದರು, ಪ್ರತಿ ಸಲವೂ ಮೊದಲಿಗಿಂತ ಖುಷಿಯಿಂದ.

ಬೇಸಿಗೆಯ ಕೊನೆಗೆ ಅಡ್ಡಮಳೆ ಬಂತು. ಗಾಳಿಗೆ ಕಂಬಗಳು ಉರುಳಿ, ಮರಗಳು ತಂತಿಯ ಮೇಲೆ ಬಿದ್ದು ಮೂರೂ ತಾಲೂಕಿನಲ್ಲಿ ಕರೆಂಟ್ ಹೋಯಿತು. ಮರುದಿನ ಮಧ್ಯಾಹ್ನದ ತನಕ ಎಲ್ಲೂ ಇಲ್ಲ. ಬೀಸಿದ್ದೆಲ್ಲ ಗಾಳಿಯೇ, ಹೊಲಕ್ಕೆ ಬಿದ್ದ ಮಳೆ ಕಡಿಮೆ. ಕಬ್ಬಿಗೆ ನೀರು ಬೇಕೇ ಬೇಕಿತ್ತು. ಈಗ ಕರೆಂಟ್ ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆಯೂ ಬರುತ್ತದೆ; ಎಲ್ಲ ರೈತರೂ ಮೋಟರು ಹಚ್ಚುತ್ತಾರೆ. ಇಷ್ಟು ಡಬ್ಬಿಗಳು ಒಟ್ಟಿಗೆ ಎದ್ದ ದಿನ ಅಲ್ಲಿಯ ತನಕ ಇರಲಿಲ್ಲ.

ಆ ಹೊತ್ತಿಗೆ ಸರ್ ಕರಿ ಚಸ್ಮಾ ತೆಗೆದಿದ್ದರು. ಹೊಸ ಕಣ್ಣಿನಿಂದ ಪರದೆ ನೋಡುತ್ತ ಆಮ್ರಪಾಲಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಮನೆಯಲ್ಲೂ ಕರೆಂಟ್ ಇರಲಿಲ್ಲ, ಕೆಲಸ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ನಡೆದಿತ್ತು. ಕಾಕು ಬೀಸಣಿಗೆ ಹಿಡಿದು ಇಬ್ಬರಿಗೂ ಗಾಳಿ ಹಾಕುತ್ತ ಹಿಂದೆ ನಿಂತಿದ್ದರು.

ಫ್ಯಾನು ತಿರುಗಿತು.

ಪರದೆಯ ಮೇಲೆ ಮೊದಲು ಒಂದೆರಡು ಡಬ್ಬಿ. ಆಮೇಲೆ ಹತ್ತಾರು. ಆಮೇಲೆ ಎಣಿಕೆ ಸರಸರನೆ ಏರತೊಡಗಿತು. ಆಮ್ರಪಾಲಿಯ ಕೈ ತನಗೇ ಗೊತ್ತಿಲ್ಲದೆ ಕೀಬೋರ್ಡಿನ ಕಡೆ ಹೋಯಿತು. ಸರ್ ಅದನ್ನು ಹಿಡಿದು ಮೆಲ್ಲಗೆ ಅವಳ ತೊಡೆಯ ಮೇಲೆ ಇಟ್ಟರು.

"ನೀ ಏನೂ ಮಾಡೂದಿಲ್ಲ. ಅದು ಮಾಡ್ತೈತಿ."

ಎಣಿಕೆ ಏರಿತು, ಏರಿತು, ಎಲ್ಲೂ ತಡೆಯಲಿಲ್ಲ. ಮೆಮೊರಿಯ ಗೆರೆ ಕೆರೆಯ ನೀರಿನ ಹಾಗೆ ನಿಶ್ಚಲವಾಗಿತ್ತು. ಮೋಟರುಗಳು ಎದ್ದ ಸುದ್ದಿ ಬರತೊಡಗಿತು: ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಮೂಡಲಗಿ. ಸುಮಾರು ಹೊತ್ತಾದ ಮೇಲೆ ಕಾಕು ಕೇಳಿದರು:

"ಒಂದೂ ಫೋನ್ ಬರವಲ್ದಲ್ಲ, ಫೋನ್ ಕೆಟ್ಟೈತೇನು?"

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮ್ರಪಾಲಿಗೆ ನಗುವೋ ಅಳುವೋ ತಿಳಿಯಲಿಲ್ಲ. ತಡೆಯಲಾರದೆ ಅವಳೇ ಘೋಡಗೇರಿಗೆ ಫೋನು ಹಚ್ಚಿದಳು.

"ಯವ್ವಾ, ಡಬ್ಬಿ ಎದ್ದೈತೇನು?"

"ಎದ್ದೈತಿ ಮಗಳ, ನೀರು ಹೊಂಟೈತಿ. ಯಾಕ, ಏನಾತು?"

"ಏನೂ ಇಲ್ರಿ, ಸುಮ್ಮ ಕೇಳಿದೆ."

"ಹಂಗಾದ್ರ ಇಡು ಮತ್ತ, ನೀರು ತಿರುವಾಕ ಆಳಿಗೆ ಹೇಳಬೇಕು, ನಂಗ ಕೆಲಸೈತಿ" ಎಂದು ಲಕ್ಕವ್ವ ಫೋನಿಟ್ಟಳು.

ಆ ಸಂಜೆ ಹೊರಡುವಾಗ ಸರ್ ಬಾಗಿಲ ತನಕ ಬಂದರು. "ನಾಳೆ ಬರಬ್ಯಾಡ. ಸೂಟಿ. ನಿದ್ದಿ ಮಾಡು, ಮನ್ಯಾಗಿನಾವ್ರ ಮುಖ ನೋಡು" ಎಂದರು. ಅವಳು ಏನೋ ಹೇಳಲು ಹೊರಟಾಗ, "ಹೇಳಿದ ಮಾತು ಕೇಳೂದು ಕಲಿ" ಎಂದು ಗದರಿಸಿ ಒಳಗೆ ಹೋದರು.

ಮರುದಿನ ಬೆಳಗ್ಗೆ ಮೊದಲ ಬಸ್ಸು ಹೋದ ಸದ್ದನ್ನು ಆಮ್ರಪಾಲಿ ಹಾಸಿಗೆಯಲ್ಲೇ ಕೇಳಿದಳು. ಕಾಶೆವ್ವನಿಗೆ ಹಬ್ಬವಾದಂತಾಗಿತ್ತು. ಎಷ್ಟೋ ದಿನದ ಮೇಲೆ ಮಗಳನ್ನು ಒಲೆಯ ಮುಂದೆ ಕೂರಿಸಿ, ರೊಟ್ಟಿ ಬಡಿದು, ಹೆಂಚಿನಿಂದ ನೇರವಾಗಿ ತಾಟಿಗೆ ಹಾಕಿದಳು. ಮನೆಯ ಹಿಂದಿನ ಅರಿಶಿಣದ ಹೊಲದಲ್ಲಿ ಯಾರದೋ ಮೋಟರು ಗೊರಗುಟ್ಟಿ ಎದ್ದಿತು. ಕರೆಂಟ್ ಬಂದ ಹೊತ್ತು. ಅವಳ ಕೈ ಮೊಬೈಲಿನ ಕಡೆ ಹೋಯಿತು. ಅದರಲ್ಲಿ ಎಣಿಕೆ ಕಾಣುತ್ತಿತ್ತು, ಬೇರೇನೂ ಮಾಡುವ ಹಾಗಿರಲಿಲ್ಲ. ಆದರೂ ಒಮ್ಮೆ ನೋಡೋಣ ಎನಿಸಿತು.

ಕಾಶೆವ್ವ ಹಿಟ್ಟಿನ ಕೈಯಲ್ಲೇ ಮೊಬೈಲು ಎತ್ತಿ ಅರ್ಧ ತೆರೆದ ಕಪಾಟಿನಲ್ಲಿ ಇಟ್ಟಳು. "ಮೊದಲ ಉಣ್ಣು."

ಇಟ್ಟ ಕೂಡಲೇ ಅದು ಕಪಾಟಿನೊಳಗೇ ಸದ್ದು ಮಾಡಿತು. ಆಮ್ರಪಾಲಿ ಎದ್ದು ಓಡಿ ಎತ್ತಿದಳು. ಸರ್ ದನಿ.

"ನೋಡಬ್ಯಾಡ ಅಂತ ಹೇಳಾಕ ಫೋನ್ ಮಾಡಿದೆ. ನಾ ನೋಡಾಕತ್ತೇನಿ. ಎಲ್ಲಾ ಬಂದು ಸಮಾಧಾನದಿಂದ ಕುಂತಾವು. ನೀ ಏನು ಮಾಡಾಕತ್ತೀ?"

"ಉಣ್ಣಾಕತ್ತೇನ್ರಿ ಸರ್."

"ಹಾಂ, ಉಣ್ಣು, ಉಣ್ಣು" ಎಂದರು ಅವರು. ಹಿಂದಿನಿಂದ ಕಾಕು, ರೊಟ್ಟಿಗೆ ಏನು ಮಾಡ್ಯಾರಂತ ಕೇಳ್ರಿ ಎಂದು ಕೂಗುವುದು ಕೇಳಿಸಿತು.